ಮಡಿಕೆಗೊಂದು ಮಾತು

ಸಿಡುಕಿ ಎಂದೇ ಎಲ್ಲರೂ ಕರೆಯುವ ಅವಳು ಆ ಫೋಟೊವನ್ನು ಮಕಾಡೆ ಮಲಗಿಸಿದಳು.

ಮನೆಯ ಮುಂಭಾಗದ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದವರೆಲ್ಲ ಗುಸುಗುಸು ನಿಲ್ಲಿಸಿ ತಲೆಯೆತ್ತಿದರು. ಮಂಚದ ಮೇಲೆ ಸತ್ತವಳು ಮಲಗಿದ್ದಳು. ಅವಳ ತಲೆಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಹೂವು, ಹೂವಿನ ನಡುವೆ ಇಷ್ಟು ಹೊತ್ತೂ ಹಲ್ಲು ಬಿಟ್ಟು ನಗುತ್ತಿದ್ದ ಅವಳದೇ ಫೋಟೊ. ಈಗ ಅದರ ಬೆನ್ನಿನ ರಟ್ಟು ಮಾತ್ರ ಕಾಣುತ್ತಿತ್ತು.

"ಏನ್ರೀ ಮಾಡ್ತಿದೀರಾ?" ಎನ್ನುತ್ತ ಸತ್ತವಳ ಮೈದುನ ಬಾಗಿಲ ಬಳಿಯಿಂದ ದಾಪುಗಾಲಿಟ್ಟು ಬಂದ. ಅವನು ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಸಾವಿನ ಮನೆಯಲ್ಲೂ ಅವನ ನಡಿಗೆಯಲ್ಲಿ ಮೈದಾನ ಇತ್ತು.

"ಕಾಣಿಸ್ತಿಲ್ವಾ ಮೇಷ್ಟ್ರೇ? ಫೋಟೊ ಮಲಗಿಸಿದೆ. ಅವಳೂ ಮಲಗಿದಾಳಲ್ಲ."

"ಅತ್ತಿಗೆ ಫೋಟೊದಲ್ಲೆಲ್ಲ ಅದೇ ಚೆನ್ನಾಗಿರೋದು. ಆ ನಗು ನೋಡಿ ಎಷ್ಟು ಜನ ಧೈರ್ಯ ತಂದ್ಕೊಂಡಿದಾರೆ ಗೊತ್ತಾ ನಿಮಗೆ?"

"ಗೊತ್ತು. ಆ ಫೋಟೊ ತೆಗೆಯೋವಾಗ ಅವಳ ಸೊಂಟದಲ್ಲಿ ಕೆಂಡ ಉರೀತಿತ್ತು ಅನ್ನೋದೂ ಗೊತ್ತು. ಅದರಲ್ಲಿ ಅವಳ ಎಡಗೈ ನೋಡಿ ಬೇಕಾದ್ರೆ. ಚಾದರಾನ ಹೇಗೆ ಹಿಂಡ್ಕೊಂಡಿದಾಳೆ."

ಯಾರೂ ನೋಡಲಿಲ್ಲ. ಮೈದುನ ಫೋಟೊವನ್ನು ಎತ್ತಿ ನಿಲ್ಲಿಸಿ, ಬಿದ್ದ ಹೂವನ್ನು ಮತ್ತೆ ಜೋಡಿಸಿದ. ಮೇಲಿನ ಮನೆಯ ಹೆಂಗಸು ಮೂಗು ಒರೆಸಿಕೊಳ್ಳುತ್ತ ನಡುವೆ ಬಂದಳು. "ಹೋಗ್ಲಿ ಬಿಡಿ, ಇವತ್ತು ಜಗಳ ಬೇಡ. ನಗ್ತಾ ನಗ್ತಾನೇ ಎಲ್ಲ ತಡ್ಕೊಂಡ್ರು ಪಾಪ. ಕೊನೇಲಿ ಅದ್ಯಾಕೋ ಮನಸ್ಸು ಬಿಟ್ಟುಬಿಟ್ರು ನೋಡಿ. ಇನ್ನೊಂಚೂರು ಗಟ್ಟಿಯಾಗಿದ್ದಿದ್ರೆ ಗೆದ್ದೇಬಿಡ್ತಿದ್ರು."

"ಅಂದ್ರೆ ಸೋತಳು. ಅಂದ್ರೆ ಸತ್ತದ್ದು ಅವಳದೇ ತಪ್ಪು."

"ಅಯ್ಯೋ, ನಾನೆಲ್ಲಿ ಹಾಗಂದೆ?"

"ಇನ್ನು ಹೇಗೆ ಅನ್ನಬೇಕಿತ್ತು?"

ಸಿಡುಕಿಯ ದನಿಗೆ ಕೋಣೆಯೇ ಸಣ್ಣದಾಯಿತು. ಮೂಲೆಯಲ್ಲಿ ಸತ್ತವಳ ಗಂಡ ತನ್ನ ಉಗುರುಗಳನ್ನು ನೋಡುತ್ತ ಕೂತಿದ್ದ. ಲಿಫ್ಟು ರಿಪೇರಿ ಮಾಡುವವನು. ಉಗುರಿನ ಸಂದಿಯ ಗ್ರೀಸು ಇವತ್ತೂ ಹೋಗಿರಲಿಲ್ಲ. ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ದೇವರೇ ಬಲ್ಲ.

ಸತ್ತವಳ ಕಾಲ ಬಳಿ ಮಗಳು ಕೂತಿದ್ದಳು. ಈ ವರ್ಷವಷ್ಟೇ ಕಾಲೇಜು ಸೇರಿದವಳು. ಕೂದಲನ್ನು ಹಿಂದಕ್ಕೆ ಜಗ್ಗಿ ಕಟ್ಟಿದ್ದಳು. ಕಣ್ಣು ಒಣಗಿದ ಬಾವಿಯ ಹಾಗಿತ್ತು, ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು.

"ನೋಡಿ ಕಲೀಬೇಕು ಈ ಹುಡುಗೀನ," ಎಂದಳು ಮೇಲಿನ ಮನೆಯವಳು. "ಬೆಳಗ್ಗಿಂದ ಒಂದು ಹನಿ ಕಣ್ಣೀರು ಹಾಕಿಲ್ಲ."

"ಅವರಮ್ಮನ ಮಗಳಲ್ವಾ," ಮೈದುನ ಹುಡುಗಿಯ ಬೆನ್ನು ತಟ್ಟಿದ. "ಸ್ಮಶಾನಕ್ಕೆ ಹೋದ್ಮೇಲೆ ಎಲ್ಲರ ಮುಂದೆ ಎರಡು ಮಾತಾಡ್ತಾಳೆ. ಅಮ್ಮನ ಹಾಗೇ, ನಗುನಗ್ತಾ. ಅಲ್ವಾ ಪುಟ್ಟಿ?"

ಹುಡುಗಿ ತಲೆಯಾಡಿಸಿದಳು. ಹಾಗಾದರೆ ತುಟಿ ಅಲ್ಲಾಡುತ್ತಿದ್ದದ್ದು ಅದಕ್ಕೆ. ಅವ್ವ ಹೋಯಿತು, ಇನ್ನು ಮರಿಯನ್ನು ಹಿಡಿದರು, ಅಂದುಕೊಂಡಳು ಸಿಡುಕಿ. ಆ ಹುಡುಗಿಯನ್ನು ಮಾತ್ರ ಇವರ ಕೈಗೆ ಬಿಡುವುದಿಲ್ಲ ಎಂದು ಗೋಡೆಯ ಪಕ್ಕ ಗಟ್ಟಿಯಾಗಿ ಕೂತಳು.

*

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಆ ಲಾಂಡ್ರಿ. ಅಲ್ಲಿಗೆ ಸೂರ್ಯ ಬಂದವನೇ ಅಲ್ಲ. ಮೇಲಿನ ಅಂತಸ್ತುಗಳಲ್ಲಿ ಮಲಗಿ ಎದ್ದವರ ಕನಸುಗಳೆಲ್ಲ ಚಾದರದ ಗಂಟಾಗಿ ಕೊಳವೆಯಿಂದ ದೊಪ್ಪೆಂದು ಬೀಳುತ್ತಿದ್ದವು. ಒಗೆದು ಒಣಗಿಸಿ ಬಂದ ಚಾದರಗಳನ್ನು ಮಡಿಸುವ ಮೇಜಿನ ಹತ್ತಿರ ಇಬ್ಬಿಬ್ಬರು ನಿಲ್ಲಬೇಕು. ಹೋಟೆಲಿನ ಚಾದರ ಒಬ್ಬರ ತೋಳಿಗೆ ಬಗ್ಗುವುದಲ್ಲ. ಆ ತುದಿಯ ಎರಡು ಮೂಲೆ ಒಬ್ಬಳಿಗೆ, ಈ ತುದಿಯ ಎರಡು ಮೂಲೆ ಇನ್ನೊಬ್ಬಳಿಗೆ. ಜಗ್ಗಿ ಒಮ್ಮೆ ಒದರಬೇಕು. ಆಮೇಲೆ ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಮತ್ತೆ ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು.

ಯಂತ್ರಗಳ ಆರ್ಭಟಕ್ಕೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ತುದಿಗೆ ತುದಿ ಸೇರಿದಾಗ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದಾಗ, ಒಂದು ಮಾತಿಗೆ ಎಡೆ ಸಿಕ್ಕುತ್ತಿತ್ತು. ಮಡಿಕೆಗೊಂದು ಮಾತು. ಹಾಗೆ ಕಂತುಕಂತಾಗಿ ಇವಳೂ ಈಗ ಮಂಚದ ಮೇಲೆ ಮಲಗಿದ್ದವಳೂ ವರ್ಷಗಟ್ಟಲೆ ಜಗಳವಾಡಿದರು, ಅತ್ತೆಯರನ್ನು ಬೈದರು, ಗಂಡಂದಿರನ್ನು ಹರಾಜು ಹಾಕಿದರು. ಗಾಜಿನ ಗೂಡಿನಲ್ಲಿ ಕೂತ ಮೇಸ್ತ್ರಿಗೆ ಮಾತ್ರ ಒಬ್ಬಳು ಸದಾ ಮುಖ ಗಂಟು ಹಾಕಿಕೊಂಡವಳ ಹಾಗೂ ಇನ್ನೊಬ್ಬಳು ಸದಾ ನಗುತ್ತಿರುವವಳ ಹಾಗೂ ಕಾಣುತ್ತಿತ್ತು. ಒಬ್ಬಳಿಗೆ ಸಿಡುಕಿ, ಇನ್ನೊಬ್ಬಳಿಗೆ ನಗೆಮಲ್ಲಿ ಎಂದು ಅವನೇ ಹೆಸರಿಟ್ಟ. ಆ ಮೇಸ್ತ್ರಿಯನ್ನು "ಒಡಕು ಬಕೆಟ್ಟು" ಎಂದು ಬೈಯುವಾಗಲೂ ನಗೆಮಲ್ಲಿ ಅವನ ಕಡೆ ನೋಡಿ ನಗುತ್ತಲೇ ಬೈಯುತ್ತಿದ್ದಳು. ಆ ನಗೆಯ ಹಿಂದಿನ ನಾಲಗೆ ಗೊತ್ತಿದ್ದದ್ದು ಸಿಡುಕಿಗೊಬ್ಬಳಿಗೇ.

ಆ ದಿನವೂ ಚಾದರದ ಎರಡು ತುದಿಯಲ್ಲಿ ಇಬ್ಬರೂ ನಿಂತಿದ್ದರು.

"ಗಡ್ಡೆಯಂತೆ," ಎಂದಳು ನಗೆಮಲ್ಲಿ, ಮೊದಲ ಮಡಿಕೆಗೆ.

ಹಿಂದೆ ಸರಿದು ಬಂದರು. "ಎಲ್ಲಿ?"

"ಒಳಗೆ. ಕೆಟ್ಟದ್ದಂತೆ."

ಮತ್ತೆ ಸರಿದು ಬಂದರು. "ಯಾರು ಹೇಳಿದ್ದು?"

"ಡಾಕ್ಟ್ರು ಕಣೇ. ಇನ್ಯಾರು, ಲಿಫ್ಟ್ ರಿಪೇರಿಯವನು ಹೇಳ್ತಾನಾ?"

ಇಬ್ಬರೂ ಒಮ್ಮೆ ನಕ್ಕರು. ನಕ್ಕದ್ದು ಹೇಗೋ ಅರ್ಧಕ್ಕೆ ಮುರಿಯಿತು. ಕೊನೆಯ ಮಡಿಕೆ ಮುಗಿಸಿ ಚಾದರವನ್ನು ಅಟ್ಟಿಗೆ ಸೇರಿಸುವ ಮುಂಚೆ ಅಂಗೈಯಿಂದ ಸವರಿ ನೋಡಬೇಕೆಂಬುದು ಆ ಮೇಜಿನ ನಿಯಮ. ಒಂದೇ ಒಂದು ಚಾದರದಲ್ಲಿ ತೇವ ಉಳಿದರೂ ಇಡೀ ಅಟ್ಟಿ ಮುಗ್ಗಲು ಹಿಡಿಯುತ್ತದೆ. ಸಿಡುಕಿ ಸವರಿದಳು. ಮಡಿಸುವಾಗ ನಗೆಮಲ್ಲಿ ಗಲ್ಲದಿಂದ ಒತ್ತಿ ಹಿಡಿದಿದ್ದ ಜಾಗ ತಣ್ಣಗಿತ್ತು.

"ಹಸಿ ಇದೆ," ಎಂದಳು. "ಬಿಚ್ಚು."

ಬಿಚ್ಚಿದರು, ಮೊದಲಿಂದ ಶುರು ಮಾಡಿದರು. ಆ ಪಾಳಿ ಮುಗಿಯುವವರೆಗೂ ಆ ಒಂದು ಚಾದರ ಅಟ್ಟಿಗೆ ಸೇರಲೇ ಇಲ್ಲ. ಗಾಜಿನ ಗೂಡಿನಿಂದ ಮೇಸ್ತ್ರಿ ಬೆರಳು ತೋರಿಸಿ ಗದರಿದಾಗ ನಗೆಮಲ್ಲಿ ಅವನತ್ತ ತಿರುಗಿ ಮಲ್ಲಿಗೆಯ ಹಾಗೆ ನಕ್ಕಳು.

*

ಮೈದುನ ಕೆಟ್ಟವನಲ್ಲ. ಸಿಡುಕಿಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತಿದ್ದದ್ದು ಅದೇ. ಕೆಟ್ಟವನಾಗಿದ್ದರೆ ಉಗಿದು ಹೋಗಬಹುದಿತ್ತು. ಕಟ್ಟಡದ ಲಿಫ್ಟು ಕೆಟ್ಟು ನಿಂತಾಗ ಅತ್ತಿಗೆಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದವನು ಅವನು. ಆಸ್ಪತ್ರೆಗೆ ಹೋದಾಗಲೆಲ್ಲ ಪಕ್ಕದಲ್ಲಿ ಕೂತವನು ಅವನು. ಸುತ್ತ ನಾಲ್ಕು ಜನ ಇರಲಿ, ಮನಸ್ಸು ಹಗುರಾಗಿರಲಿ, ಊಟ ನಿದ್ದೆ ಸರಿಹೋಗುತ್ತೆ, ಔಷಧಿ ತಡೆದುಕೊಳ್ಳೋಕೂ ಅದರಿಂದ ಅನುಕೂಲ ಎಂದು ಡಾಕ್ಟರು ಹೇಳಿದ್ದರು. ಅವನು ಅದನ್ನು ಮೈದಾನಕ್ಕೆ ಎತ್ತಿಕೊಂಡು ಹೋದ. ರೋಗ ಎದುರಾಳಿಯಾಯಿತು, ಅತ್ತಿಗೆ ಓಟಗಾರ್ತಿಯಾದಳು, ನೆಂಟರಿಷ್ಟರೆಲ್ಲ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುವವರಾದರು. ಫೋನಿನಲ್ಲಿ ಒಂದು ಗುಂಪು ಕಟ್ಟಿ ಅದಕ್ಕೆ "ಗೆದ್ದೇ ಗೆಲ್ತೀವಿ" ಎಂದು ಹೆಸರಿಟ್ಟ. ಬೆಳಗಾದರೆ ಎಲ್ಲರೂ ಹೂವು, ಸೂರ್ಯೋದಯ, ಬಿಗಿಮುಷ್ಟಿಯ ಚಿತ್ರ ಕಳಿಸುವುದು. ಅವಳು ತನ್ನ ನಗುವ ಫೋಟೊ ಕಳಿಸಿ ಉತ್ತರ ಕೊಡುವುದು.

ಅಜ್ಜಿಯರ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಒಂದು ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಆ ಮನೆಯವರು ಅವಳ ಪ್ರಾಣವನ್ನು ಒಯ್ದು ಅವಳ ನಗೆಯಲ್ಲಿ ಇಟ್ಟುಬಿಟ್ಟರು. ಆಮೇಲೆ ಎಲ್ಲರೂ ಗಿಳಿಯನ್ನೇ ಕಾದರು. ಮಂಚದ ಮೇಲಿದ್ದವಳನ್ನು ಎಲ್ಲಿ ನೋಯುತ್ತಿದೆ ಎಂದು ಕೇಳುವವರಿಲ್ಲವಾದರು.

ಸಿಡುಕಿ ಮೊದಮೊದಲು ಪಾಳಿ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದಳು. ಮನೆಯ ಚಾದರಗಳನ್ನು ಹೊರಗೆ ತೆಗೆದು, ಒಂದು ತುದಿಯನ್ನು ಮಂಚದ ಮೇಲೆ ಕೂತವಳ ಕೈಗೆ ಕೊಡುತ್ತಿದ್ದಳು.

"ಹಿಡ್ಕೊ. ಕಾಯಿಲೆ ಅಂತ ಪುಕ್ಕಟೆ ಕೂತು ತಿನ್ನಬೇಡ."

"ನಿನ್ನ ಬಾಯಿಗೆ ಬೆಂಕಿ ಬೀಳ. ಸಾಯೋಳ ಹತ್ರ ಕೆಲಸ ಮಾಡಿಸ್ತೀಯಲ್ಲೇ."

"ಸಾಯೋವಾಗ ಸಾಯಿ. ಈಗ ಜಗ್ಗು."

ಹೀಗೆ ಶುರುವಾದದ್ದು ಮಡಿಕೆ ಕಳೆದಂತೆ ಬೇರೆ ಕಡೆ ಹೊರಳುತ್ತಿತ್ತು. "ಭಯ ಆಗತ್ತೆ ಕಣೇ," ಎನ್ನುತ್ತಿದ್ದಳು ನಗೆಮಲ್ಲಿ. "ಗೆಲ್ಲಬೇಕು ಗೆಲ್ಲಬೇಕು ಅಂತಾರೆ. ಯಾರ ಮೇಲೆ? ನನ್ನ ಮೈ ಮೇಲೇನಾ?" ಆಮೇಲೆ ಅಳುತ್ತಿದ್ದಳು. ಸಿಡುಕಿ ಸಮಾಧಾನ ಮಾಡುತ್ತಿರಲಿಲ್ಲ. ಅವಳಿಗೆ ಅದು ಬರುತ್ತಲೂ ಇರಲಿಲ್ಲ. ಚಾದರದ ಇನ್ನೊಂದು ತುದಿಯನ್ನು ಬಿಡದೆ ಹಿಡಿದಿರುತ್ತಿದ್ದಳು, ಅಷ್ಟೇ. ಅತ್ತು ಮುಗಿಸಿದವಳು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಒಮ್ಮೆ ಮೈದುನ ಬಂದಾಗ ಅವಳ ಕೆನ್ನೆ ಇನ್ನೂ ಆರಿರಲಿಲ್ಲ. ಸಿಡುಕಿಯನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ದನಿ ತಗ್ಗಿಸಿ, ಮರ್ಯಾದೆಯಿಂದಲೇ ಹೇಳಿದ. "ತಪ್ಪು ತಿಳೀಬೇಡಿ. ನೀವು ಬಂದುಹೋದ್ರೆ ಅತ್ತಿಗೆ ಕುಗ್ಗಿಹೋಗ್ತಾರೆ. ಸ್ವಲ್ಪ ದಿನ ಬರಬೇಡಿ."

ಸಿಡುಕಿಗೆ ಅಭಿಮಾನ ಹೆಚ್ಚು. ಬರಬೇಡ ಅಂದ ಮನೆಗೆ ಹೋಗುವವಳಲ್ಲ. ಅವಳೇ ಕರೆಯಲಿ ಎಂದು ಹಟ ಹಿಡಿದು ಕೂತಳು. ಮಡಿಸುವ ಮೇಜಿಗೆ ಬೇರೊಬ್ಬಳು ಬಂದಳು. ಅವಳ ಜೊತೆ ಒಂದು ಮಾತೂ ಆಡದೆ ಅಟ್ಟಿಗಟ್ಟಲೆ ಚಾದರ ಮಡಿಸಿದಳು.

ಹೋದ ವಾರ ನಗೆಮಲ್ಲಿಯ ಫೋನು ಬಂತು. ಹಿಂದುಗಡೆ ನೀರು ಸುರಿಯುವ ಸದ್ದು.

"ಎಲ್ಲಿದೀಯೇ?"

"ಬಚ್ಚಲಲ್ಲಿ. ನಲ್ಲಿ ಬಿಟ್ಕೊಂಡು ಕೂತಿದೀನಿ, ಯಾರಿಗೂ ಕೇಳಿಸಬಾರದು ಅಂತ. ಯಾರನ್ನಾದ್ರೂ ಬೈಯಬೇಕು ಕಣೇ. ನಿನ್ನನ್ನ ಬಿಟ್ರೆ ಯಾರು ಸಿಗ್ತಾರೆ?"

"ಬೈ."

ನಗೆಮಲ್ಲಿ ಬೈದಳು. ಮೈದುನನ ಸೀಟಿಯನ್ನು, ಗಂಡನ ಮೌನವನ್ನು, ಬರದೇ ಹೋದ ಸಿಡುಕಿಯನ್ನು. ಉಸಿರು ಸಾಲದೆ ನಿಂತಳು.

"ನೋವು ಹೇಗಿದೆ?" ಎಂದಳು ಸಿಡುಕಿ.

"ರಾತ್ರಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋವು."

"ಡಾಕ್ಟ್ರಿಗೆ ಹೇಳಿದ್ಯಾ? ಅದಕ್ಕೆ ಮಾತ್ರೆ ಇರುತ್ತಲ್ಲೇ, ಕತ್ತೆ."

"ಹೇಗೆ ಹೇಳ್ಲಿ? ಇವನು ಪಕ್ಕದಲ್ಲೇ ಕೂತಿರ್ತಾನೆ, ನಮ್ಮ ಅತ್ತಿಗೆ ಹುಲಿ ಡಾಕ್ಟ್ರೇ ಅಂತಾನೆ. ನೋವು ಅಂದ್ರೆ ಅವನ ಮುಖ ಸಣ್ಣ ಮಕ್ಕಳ ಥರ ಬಾಡಿಹೋಗತ್ತೆ. ಚೆನ್ನಾಗಿದೀನಿ ಅಂದುಬಿಡ್ತೀನಿ." ನಲ್ಲಿಯನ್ನು ಇನ್ನಷ್ಟು ತಿರುಗಿಸಿದ ಸದ್ದಾಯಿತು. "ಒಂದು ವಿಷಯ ಗೊತ್ತಾ? ಇವತ್ತು ನನ್ನ ಮಗಳು ನನ್ನ ಮಡಿಲಲ್ಲಿ ಬಿದ್ದು ಹೋ ಅಂತ ಅತ್ತಳು. ನಾನೂ ಅತ್ತೆ. ಆಮೇಲೆ ಅವಳ ತಲೆ ಬಾಚಿದೆ. ಹೊಟ್ಟೆ ತಣ್ಣಗಾಯ್ತು ಕಣೇ. ಈ ಮನೇಲಿ ನಾನು ಒಬ್ಬಳೇ ಅಲ್ಲ ಅನ್ನಿಸ್ತು."

ನಾಳೆ ಬರ್ತೀನಿ, ಅವನು ಬಾಗಿಲಲ್ಲಿ ಅಡ್ಡ ನಿಂತ್ರೂ ಬರ್ತೀನಿ ಎಂದಳು ಸಿಡುಕಿ. ಅಷ್ಟರಲ್ಲಿ ನಗೆಮಲ್ಲಿಗೆ ಜ್ವರ ಬಂತು, ಆಸ್ಪತ್ರೆಯ ಗಾಜಿನ ಬಾಗಿಲು ಬಂತು. ಸಿಡುಕಿಯನ್ನು ಒಳಗೆ ಬಿಡಲಿಲ್ಲ.

*

ವ್ಯಾನು ಬಂತೆಂದು ಕೆಳಗಿನಿಂದ ಯಾರೋ ಕೂಗಿದರು.

ಲಿಫ್ಟು ಇವತ್ತೂ ಕೆಟ್ಟಿತ್ತು. ವ್ಯಾನಿನವರು ತಂದ ಸ್ಟ್ರೆಚರಿಗೆ ಅವಳನ್ನು ವರ್ಗಾಯಿಸಿ, ಗಂಡ ತಲೆಯ ಕಡೆ ಹಿಡಿದುಕೊಂಡ. ಮೈದುನ ಒಂದು ಕೈಯಲ್ಲಿ ಕಾಲ ಕಡೆ ಹಿಡಿದು, ಇನ್ನೊಂದು ಕಂಕುಳಲ್ಲಿ ಫೋಟೊ ಇಟ್ಟುಕೊಂಡ. "ಪುಟ್ಟಿ, ಮುಖ ತೊಳ್ಕೊಂಡು ಕೆಳಗೆ ಬಾ. ಹೇಳೋದೆಲ್ಲ ಜ್ಞಾಪಕ ಇದೆ ತಾನೇ?"

ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದುಹೋದವು. ಕೋಣೆಯಲ್ಲಿ ಉಳಿದದ್ದು ಸಿಡುಕಿ, ಹುಡುಗಿ, ಮೇಲಿನ ಮನೆಯವಳು. ಮಂಚದ ಮೇಲೆ, ಸತ್ತವಳ ಅಡಿಗೆ ಹಾಸಿದ್ದ ಬಿಳಿ ಚಾದರ. ಬೆಳಗ್ಗೆ ಸಿಡುಕಿಯೇ ಲಾಂಡ್ರಿಯಿಂದ ತಂದು ಹಾಸಿದ್ದು.

ಮೇಲಿನ ಮನೆಯವಳು ಅದರ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿದಳು. "ಇದನ್ನ ಎಸೆದುಬಿಡೋಣ ಅಲ್ವಾ?"

"ಮುಟ್ಟಬೇಡಿ. ನೀವು ಕೆಳಗೆ ನಡೀರಿ, ಅಲ್ಲಿ ನಗೋರು ಕಡಿಮೆ ಬಿದ್ದಿರಬಹುದು."

"ಈ ಬಾಯಿಗೇ ನಿಮ್ಮನ್ನ ಆ ಹೆಸರಲ್ಲಿ ಕರೆಯೋದು," ಎಂದು ಗೊಣಗುತ್ತ ಅವಳು ಇಳಿದುಹೋದಳು.

ಸಿಡುಕಿ ಚಾದರದ ಎರಡು ಮೂಲೆ ಹಿಡಿದು ಎಳೆದಳು. ಹಿಂದೆ ಸರಿದಳು. ಆ ಕಡೆಯ ತುದಿ ಮಂಚದಿಂದ ಜಾರಿ ನೆಲಕ್ಕೆ ಬಿತ್ತು. ತೋಳು ಅಗಲಿಸಿಕೊಂಡು ಅಲ್ಲೇ ನಿಂತಳು. ಎದುರಿಗೆ ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಹಿಡಿದ ಚಾದರ ಹಾಗೆ ನೆಲಕ್ಕೆ ಬಿದ್ದದ್ದು ಇದೇ ಮೊದಲು. ಬೆಳಗಿನಿಂದ ಒದ್ದಾಡುತ್ತಿದ್ದ ಸಿಟ್ಟು ತೋಳಿನ ತನಕ ಬಂದು, ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತು.

ಆಗ ಆ ತುದಿ ಮೆಲ್ಲಗೆ ಮೇಲಕ್ಕೆದ್ದಿತು. ಹುಡುಗಿ ಹಿಡಿದಿದ್ದಳು. ಹೆಬ್ಬೆರಳು ಒಳಗೆ, ಮೂಲೆ ಹೊರಗೆ. ಅವ್ವ ಕಲಿಸಿದ ಹಿಡಿತ.

ಜಗ್ಗಿ ಒದರಿದರು. ನಡೆದು ಬಂದು ತುದಿಗೆ ತುದಿ ಸೇರಿಸಿದರು.

"ದೊಡ್ಡಮ್ಮ," ಎಂದಳು ಹುಡುಗಿ, ಕೇಳಿಸಿಯೂ ಕೇಳಿಸದ ಹಾಗೆ. "ನಾನೊಂದು ತಪ್ಪು ಮಾಡಿದೀನಿ."

ಸಿಡುಕಿ ಹಿಂದೆ ಸರಿದಳು. ಮತ್ತೆ ಬಂದರು.

"ಅಮ್ಮನ ಮುಂದೆ ಅತ್ತುಬಿಟ್ಟೆ."

ಸರಿದರು, ಬಂದರು.

"ಅಳಬಾರದು ಅಂತ ಚಿಕ್ಕಪ್ಪ ಹೇಳಿದ್ರು. ನಾವು ಅತ್ರೆ ಅಮ್ಮ ಮನಸ್ಸು ಬಿಟ್ಟುಬಿಡ್ತಾಳೆ, ಮನಸ್ಸು ಬಿಟ್ರೆ ಮೈ ಸೋಲತ್ತೆ ಅಂತ. ಆದ್ರೂ ಅತ್ತೆ. ಮಾರನೇ ದಿನಾನೇ ಜ್ವರ ಬಂತು." ಹುಡುಗಿಯ ಬೆರಳು ಮಡಿಕೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. "ಇದು ಯಾರಿಗೂ ಗೊತ್ತಿಲ್ಲ."

ಬಾಗಿಲಲ್ಲಿ ನೆರಳು ಬಿತ್ತು. ಅವಳನ್ನು ಕರೆಯಲು ಮೆಟ್ಟಿಲು ಹತ್ತಿ ಬಂದಿದ್ದ ಮೈದುನ, ಕಂಕುಳಲ್ಲಿ ಫೋಟೊ ಇಟ್ಟುಕೊಂಡು ಅಲ್ಲೇ ನಿಂತಿದ್ದ.

"ಕೇಳಿಸ್ತಾ ಮೇಷ್ಟ್ರೇ?" ಸಿಡುಕಿ ಚಾದರ ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ, ಏರಿಸದೇ ಇದ್ದದ್ದೇ ಹೆಚ್ಚು ಸುಟ್ಟಿತು. "ಬೆಳಗ್ಗಿಂದ ಈ ಮಗು ಹೆತ್ತವಳನ್ನ ಕೊಂದವಳ ಥರ ಆ ಕಾಲ ಹತ್ರ ಕೂತಿತ್ತು. ನೀವು ಗಟ್ಟಿ ಹುಡುಗಿ ಅಂತ ಬೆನ್ನು ತಟ್ಟಿದ್ರಿ. ಅವಳಿಗೂ ಹೀಗೇ ಮಾಡಿದ್ರಿ. ನೋವಿದ್ರೂ ಡಾಕ್ಟ್ರಿಗೆ ಹೇಳ್ಲಿಲ್ಲ ಅವಳು, ನಿಮ್ಮ ಮುಖ ಬಾಡತ್ತೆ ಅಂತ. ಹಲ್ಲು ಕಚ್ಚಿ ಮಲಗಿದ್ಲು. ನೀವು ಬೆಳಗ್ಗೆ ಬಂದು ಆ ಹಲ್ಲಿನ ಫೋಟೊ ತೆಗೆದ್ರಿ."

ಮೈದುನ ಕಂಕುಳಿನ ಫೋಟೊವನ್ನು ಮುಂದಕ್ಕೆ ತಂದು ನೋಡಿದ. "ನೋವಿಲ್ಲ ಅಂತಿದ್ರು," ಎಂದ. "ಕೇಳಿದಾಗೆಲ್ಲ ಇಲ್ಲ ಅಂತಿದ್ರು." ಗೋಡೆಗೆ ಕೈ ಕೊಟ್ಟ. "ನನಗೆ ಬರೋದು ಅಷ್ಟೇ ಕಣ್ರೀ. ಬಿದ್ದವರನ್ನ ಏಳು ಅನ್ನೋದು. ಇನ್ನೇನು ಮಾಡಬೇಕಿತ್ತು ನಾನು?"

"ಒಂದು ದಿನ ಪಕ್ಕದಲ್ಲಿ ಬಿದ್ಕೋಬೇಕಿತ್ತು."

ಆಮೇಲೆ ಅವಳು ಅವನ ಕಡೆ ನೋಡಲಿಲ್ಲ. ಹುಡುಗಿಯ ಕಡೆ ತಿರುಗಿದಳು. "ನೀನು ಅತ್ತದ್ದು ನನಗೆ ಗೊತ್ತಿತ್ತು. ಅವತ್ತೇ ನಿಮ್ಮಮ್ಮ ಫೋನ್ ಮಾಡಿದ್ಲು, ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು. ಮಗಳು ಮಡಿಲಲ್ಲಿ ಬಿದ್ದು ಅತ್ತಳು, ಹೊಟ್ಟೆ ತಣ್ಣಗಾಯ್ತು, ಈ ಮನೇಲಿ ನಾನು ಒಬ್ಬಳೇ ಅಲ್ಲ ಅನ್ನಿಸ್ತು ಅಂದ್ಲು. ತಲೆ ಬಾಚಿದೆ ಅಂದ್ಲು."

ಹುಡುಗಿಯ ಕೈ ತಾನಾಗಿಯೇ ಜಡೆಯ ಕಡೆ ಹೋಗಿ, ಚಾದರದ ನೆನಪಾಗಿ ವಾಪಸು ಬಂತು. ಬಾಚಿದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

"ನಿಜವಾ?"

"ಯಾರ ಸಮಾಧಾನಕ್ಕಾದ್ರೂ ನಾನು ಸುಳ್ಳು ಹೇಳಿದ್ದು ಕೇಳಿದೀಯಾ? ನನ್ನ ಹೆಸರೇನು?"

"ಸಿಡುಕಿ."

"ಮತ್ತೆ? ಗಡ್ಡೆಯಿಂದ ಜ್ವರ ಬಂತು, ಗಡ್ಡೆ ಕೊಂದಿತು. ನಿನ್ನ ಕಣ್ಣೀರಲ್ಲಿ ಅಷ್ಟೆಲ್ಲ ತಾಕತ್ತಿಲ್ಲ. ಮಡಿಸು."

ಅವರು ಕೊನೆಯ ಮಡಿಕೆಗೆ ಹತ್ತಿರ ಬಂದರು. ಹುಡುಗಿ ಗಲ್ಲದಿಂದ ಚಾದರವನ್ನು ಒತ್ತಿ ಹಿಡಿದಳು, ಅವ್ವ ಹಿಡಿಯುತ್ತಿದ್ದ ಹಾಗೆ. ಆಮೇಲೆ ಅವಳ ಭುಜ ಒಮ್ಮೆ ಕುಲುಕಿತು, ಇನ್ನೊಮ್ಮೆ ಕುಲುಕಿತು, ಆಮೇಲೆ ನಿಲ್ಲಲಿಲ್ಲ. ಸಿಡುಕಿ ತನ್ನ ತುದಿಯನ್ನು ಬಿಡದೆ ಹಿಡಿದು ನಿಂತಳು.

ಕೆಳಗೆ ವ್ಯಾನಿನ ಹಾರನ್ನು ಕೂಗಿತು. ಮತ್ತೊಮ್ಮೆ, ಉದ್ದಕ್ಕೆ. ಆಮೇಲೆ ಮೆಟ್ಟಿಲ ಸಂದಿಯಿಂದ ಒಂದು ದನಿ ಮೇಲೆ ಬಂತು. ಬೆಳಗಿನಿಂದ ಕೇಳದಿದ್ದ ದನಿ, ಲಿಫ್ಟು ರಿಪೇರಿಯವನದು. "ಹಾರನ್ ಹೊಡೀಬೇಡಪ್ಪ. ನನ್ನ ಮಗಳು ಬರ್ಬೇಕು. ಎಷ್ಟು ಹೊತ್ತಾದ್ರೂ ಸರಿ."

ಮೈದುನ ಬಾಗಿಲಲ್ಲೇ ಕುಸಿದು ಕೂತ. ಫೋಟೊವನ್ನು ಗೋಡೆಗೆ ಒರಗಿಸಿದ, ಮುಖ ಗೋಡೆಯ ಕಡೆ ಮಾಡಿ.

ಸಿಡುಕಿ ಮಡಿಸಿದ ಚಾದರದ ಮೇಲೆ ಅಂಗೈ ಆಡಿಸಿದಳು.

"ಹಸಿ ಇದೆ," ಎಂದಳು. "ಬಿಚ್ಚು."

ಇಬ್ಬರೂ ಹಿಂದಕ್ಕೆ ಸರಿದರು. ಚಾದರ ಅವರ ನಡುವೆ ಮತ್ತೆ ಪೂರ್ತಿ ಅಗಲಕ್ಕೆ ತೆರೆದುಕೊಂಡಿತು. ಅದರ ನಟ್ಟನಡುವೆ, ಇಬ್ಬರ ಕೈಗೂ ಎಟುಕದ ಕಡೆ, ಅಂಗೈಯಗಲದ ಒದ್ದೆ.